ದೈವದವರು (ಸಮಾಜದ ಹಿರಿಯರು) ಬಾಂಡ್ ಕಾಗದದ ಮೇಲೆ ಬರೆಸಿಕೊಟ್ಟರೆ ವಿಚ್ಛೇದನ ಆದಂತಾಗುತ್ತದೆಯೇ? ಗಂಗಾವತಿಯಲ್ಲಿ ವಕೀಲರನ್ನು ಹುಡುಕುವುದು ಹೇಗೆ?

ಪ್ರಶ್ನೆ: ಗಂಗಾವತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. 2018ರಲ್ಲಿ ಇಲ್ಲಿಯೇ ನನ್ನ ಮದುವೆಯಾಯಿತು. ಪತಿಯ ಮನೆಯವರು ಸಿಂಧನೂರು ತಾಲ್ಲೂಕಿನವರು. ಅವರಿಗೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕೆಲಸವಿದ್ದುದರಿಂದ ಅಲ್ಲಿಯೇ ಬಾಡಿಗೆ ಮನೆ ಮಾಡಿಕೊಂಡು ಸಂಸಾರ ನಡೆಸಿದೆವು. ಈಗ 14 ತಿಂಗಳಿಂದ ನಾನು ನಾಲ್ಕೂವರೆ ವರ್ಷದ ಮಗಳೊಂದಿಗೆ ತವರಿನಲ್ಲಿದ್ದೇನೆ, ಅವರು ಕೆಲಸ ಬಿಟ್ಟು ಸಿಂಧನೂರಿಗೆ ಮರಳಿದ್ದಾರೆ. ಬೇರೆಯಾಗುವ ವಿಷಯದಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ, ಆದ್ದರಿಂದ ಕಾರಣಗಳನ್ನು ಇಲ್ಲಿ ಬರೆಯುವುದಿಲ್ಲ.

ಎರಡು ತಿಂಗಳ ಹಿಂದೆ ಎರಡೂ ಕಡೆಯ ದೈವದವರು ಕುಳಿತು ಮಾತುಕತೆ ನಡೆಸಿ, 100 ರೂಪಾಯಿಯ ಬಾಂಡ್ ಕಾಗದದ ಮೇಲೆ ಸೋಡಚೀಟಿ (ಮದುವೆಯ ಬಿಡುಗಡೆ ಪತ್ರ) ಬರೆಸಿದರು. ಅದಕ್ಕೆ ಏಳು ಜನ ಹಿರಿಯರು ಸಹಿ ಹಾಕಿದ್ದಾರೆ, ನೋಟರಿಯವರ ಮೊಹರೂ ಇದೆ. ಪತಿಯ ಕಡೆಯವರು ಎರಡು ಕಂತಿನಲ್ಲಿ 3 ಲಕ್ಷ ರೂಪಾಯಿ ಕೊಡುವುದು, ಅವರು ಹಾಕಿದ್ದ 6 ತೊಲೆ ಬಂಗಾರವನ್ನು ನಾನು ಹಿಂದಿರುಗಿಸುವುದು, ಮಗಳು ನನ್ನ ಬಳಿಯೇ ಇರುವುದು, ಮುಂದೆ ಜೀವನಾಂಶವನ್ನಾಗಲಿ ಮಗಳ ಖರ್ಚನ್ನಾಗಲಿ ನಾನು ಕೇಳದಿರುವುದು ಎಂಬುದು ಅದರ ಸಾರಾಂಶ. ಕಾಗದದಲ್ಲಿ ಮಗಳ ಹೆಸರು ಒಂದು ಕಡೆಯೂ ಇಲ್ಲ, 'ಸದರಿ ಹೆಣ್ಣು ಮಗು' ಎಂದಷ್ಟೇ ಇದೆ. ಮೊದಲ ಕಂತು ಇನ್ನೂ ಬಂದಿಲ್ಲ, ಬಂಗಾರವನ್ನು ನಾನೂ ಕೊಟ್ಟಿಲ್ಲ.

ಇಷ್ಟಾದ ಮೇಲೆ ಕೋರ್ಟು ಏಕೆ ಬೇಕು ಎಂದು ನಮ್ಮ ದೊಡ್ಡಪ್ಪ ಕೇಳುತ್ತಾರೆ. ಪತಿಗೆ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿಯೂ ಬಂದಿದೆ. ಈ ಕಾಗದದಿಂದ ನಮ್ಮ ಮದುವೆ ಕಾನೂನಿನ ಪ್ರಕಾರ ಮುಗಿದಂತಾಯಿತೇ? ಮುಗಿದಿಲ್ಲವೆಂದಾದರೆ ಗಂಗಾವತಿ, ಸಿಂಧನೂರು, ಬಳ್ಳಾರಿ ಇವುಗಳಲ್ಲಿ ಯಾವ ಕಡೆ ಅರ್ಜಿ ಹಾಕಬೇಕು? ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಒಳ್ಳೆಯ ವಕೀಲರನ್ನು ಗುರುತಿಸುವ ಬಗೆಯನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಶಿರಸ್ತೇದಾರ (ನ್ಯಾಯಾಲಯದ ಕಚೇರಿ ಅಧಿಕಾರಿ), ರಾಯಚೂರು

ತಾಯಿ, ಆ ಕಾಗದವನ್ನು ಹರಿದು ಹಾಕಬೇಡಿ, ಆದರೆ ಅದನ್ನು ನಂಬಿಕೊಂಡೂ ಕೂರಬೇಡಿ. ಹಿಂದೂ ವಿವಾಹ ಕಾಯ್ದೆ, 1955ರ ಅಡಿಯಲ್ಲಿ ಮದುವೆಯನ್ನು ರದ್ದುಪಡಿಸುವುದು ನ್ಯಾಯಾಲಯದ ಡಿಕ್ರಿ, ಅಂದರೆ ತೀರ್ಪಿನ ಆದೇಶ. ನೋಟರಿಯವರ ಮೊಹರಿನಿಂದ ನೀವಿಬ್ಬರೂ ಅವರ ಎದುರಿನಲ್ಲಿ ಸಹಿ ಮಾಡಿದಿರಿ ಎಂಬುದು ತಿಳಿಯುತ್ತದೆಯೇ ಹೊರತು, ವಿಚ್ಛೇದನ ಕೊಡುವ ಅಧಿಕಾರ ಅವರಿಗೂ ಇಲ್ಲ, ದೈವದವರಿಗೂ ಇಲ್ಲ.

ಇದಕ್ಕೆ ಒಂದು ಅಪವಾದವಿದೆ. ನಿಮ್ಮ ದೊಡ್ಡಪ್ಪನವರ ಮನಸ್ಸಿನಲ್ಲಿರುವುದೂ ಪ್ರಾಯಶಃ ಅದೇ ಇರಬೇಕು. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿಯ ವಿಚ್ಛೇದನವನ್ನು ಅದೇ ಕಾಯ್ದೆಯ 29ನೇ ಕಲಮಿನ 2ನೇ ಉಪಕಲಮು ಉಳಿಸಿಕೊಂಡಿದೆ. ಆದರೆ ಅಂಥ ರೂಢಿ ಪ್ರಾಚೀನವಾದುದು, ಎಡೆಬಿಡದೆ ನಡೆದುಬಂದುದು ಎಂಬುದನ್ನು ಅದನ್ನು ಮುಂದೆ ಮಾಡುವವರೇ ಸಾಕ್ಷಿ ಸಮೇತ ರುಜುವಾತುಪಡಿಸಬೇಕು. 'ನಮ್ಮಲ್ಲಿ ಹೀಗೇ ನಡೆಯುತ್ತದೆ' ಎಂದು ಇಬ್ಬರು ಹಿರಿಯರು ಹೇಳಿದ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ. ಕೋರ್ಟು ಬೇಡವೆಂದು ಬರೆಸಿದ ಕಾಗದವನ್ನು ಉಳಿಸಿಕೊಳ್ಳಲು ಕಡೆಗೆ ಕೋರ್ಟಿಗೇ ಹೋದವರನ್ನು ನನ್ನ ನೌಕರಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ಅವರಲ್ಲಿ ಒಬ್ಬ ಹೆಣ್ಣುಮಗಳು ಇಂದಿಗೂ ಕಣ್ಣ ಮುಂದಿದ್ದಾಳೆ. ಸರ್ಕಾರಿ ನೌಕರನಾಗಿದ್ದ ಗಂಡ ತೀರಿಕೊಂಡ ಮೇಲೆ ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ಬಂದಿದ್ದಳು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಗಂಡನ ಮೊದಲ ಮದುವೆಯ ಸೋಡಚೀಟಿಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಾಗ, ಮಡಿಕೆ ಬಿದ್ದ ಕಡೆಯಲ್ಲೆಲ್ಲ ಅಕ್ಷರ ಅಳಿಸಿಹೋಗಿ ಕಾಗದ ನಾಲ್ಕು ತುಂಡಾಗುವಂತಿತ್ತು. ಅಷ್ಟರಲ್ಲಿ ಮೊದಲ ಹೆಂಡತಿ ತಕರಾರು ಅರ್ಜಿ ಹಾಕಿದರು. ಹದಿನೇಳು ವರ್ಷ ಸಂಸಾರ ಮಾಡಿದ ಈಕೆ ಕಾನೂನಿನ ಕಣ್ಣಿಗೆ ಹೆಂಡತಿಯಾಗಲೇ ಇಲ್ಲ. ಅನೂರ್ಜಿತ (ಕಾನೂನಿನಲ್ಲಿ ಸಿಂಧುವಲ್ಲದ) ಮದುವೆಯ ಮಕ್ಕಳನ್ನೂ ನ್ಯಾಯಸಮ್ಮತ ಮಕ್ಕಳೆಂದು 16ನೇ ಕಲಮು ಹೇಳುವುದರಿಂದ ಅವಳ ಮಕ್ಕಳಿಗೆ ಪಾಲು ಸಿಕ್ಕಿತು, ಅವಳಿಗೆ ಏನೂ ಸಿಗಲಿಲ್ಲ.

ಆದ್ದರಿಂದ ನಿಮ್ಮ ಪತಿಯ ಕಡೆಯವರು ಈ ಕಾಗದದ ಬಲದ ಮೇಲೆ ಹೆಣ್ಣು ನೋಡುತ್ತಿದ್ದರೆ ಅಪಾಯ ನಿಮಗಿಂತ ಹೆಚ್ಚಾಗಿ ಅವರಿಗೂ ಆ ಹೊಸ ಹೆಣ್ಣುಮಗಳಿಗೂ ಇದೆ. ಮೊದಲ ಮದುವೆ ಉಳಿದಿರುವಾಗ ಇನ್ನೊಂದು ಮದುವೆಯಾಗುವುದು ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ಪ್ರಕಾರ ಏಳು ವರ್ಷಗಳವರೆಗೆ ಸಜೆಯಾಗಬಹುದಾದ ಅಪರಾಧ. ಈ ಮಾತನ್ನು ನಿಮ್ಮ ದೊಡ್ಡಪ್ಪನವರು ಅವರ ಕಡೆಯ ಹಿರಿಯರ ಕಿವಿಗೆ ಹಾಕಿದರೆ ಕೋರ್ಟಿಗೆ ಬರಲು ಅವರೇ ಆತುರಪಡುತ್ತಾರೆ.

ಇನ್ನು ಯಾವ ಕೋರ್ಟು ಎಂಬ ಪ್ರಶ್ನೆ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನ ಪ್ರಕಾರ ಮದುವೆ ನಡೆದ ಊರು, ಎದುರುದಾರರು ವಾಸವಿರುವ ಊರು, ದಂಪತಿಗಳು ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಾಲಯದಲ್ಲಾದರೂ ಅರ್ಜಿ ಹಾಕಬಹುದು. ಅರ್ಜಿದಾರಳು ಹೆಂಡತಿಯಾಗಿದ್ದರೆ ತಾನೀಗ ವಾಸವಿರುವ ಊರಿನಲ್ಲಿಯೂ ಹಾಕಬಹುದೆಂದು 2003ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ನಿಮ್ಮ ಲೆಕ್ಕದಲ್ಲಿ ಗಂಗಾವತಿಗೆ ಎರಡು ಕಾರಣಗಳಿಂದ ಅಧಿಕಾರವಿದೆ. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಗೆ ಸೇರದ ಊರುಗಳಲ್ಲಿ ಇಂಥ ಅರ್ಜಿಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ ನಡೆಸುತ್ತದೆ. ಮಗುವನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಸಿಂಧನೂರಿಗೆ ತಿರುಗುವ ಕಾರಣ ನನಗೇನೂ ಕಾಣುವುದಿಲ್ಲ.

ಒಂದು ವಿಷಯ ಬಿಟ್ಟುಹೋಗಿತ್ತು. ಮೇಲೆ ಹೇಳಿದ್ದೆಲ್ಲ ಹಿಂದೂ ವಿವಾಹ ಕಾಯ್ದೆಯ ಮಾತು. ಮುಸ್ಲಿಮರಿಗೆ, ಕ್ರೈಸ್ತರಿಗೆ ಮತ್ತು ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿತರಾದವರಿಗೆ ಬೇರೆ ಬೇರೆ ಕಾಯ್ದೆಗಳಿವೆ. ಅಂಥವರು ಇದನ್ನೇ ತಮಗೂ ಅನ್ವಯಿಸಿಕೊಳ್ಳಬಾರದು.

ಉತ್ತರ 2: ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ಸಹೋದರಿ, ಕಾನೂನಿನ ಮಾತನ್ನು ತಿಳಿದವರು ಹೇಳಿದ್ದಾರೆ. ನಾನು ವಕೀಲರನ್ನು ಹುಡುಕುವಾಗ ಎಡವಿದ್ದನ್ನು ಹೇಳುತ್ತೇನೆ. ನನಗೆ ಬಳ್ಳಾರಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸಿಕ್ಕಿ ಈಗ ಮೂರು ವರ್ಷವಾಗುತ್ತಾ ಬಂದಿದೆ.

ಮೊದಲ ವಕೀಲರನ್ನು ಗೊತ್ತು ಮಾಡಿದವರು ನಮ್ಮ ಸೋದರತ್ತೆ. ಪರಿಚಯದವರು ಎಂಬ ಸಂಕೋಚಕ್ಕೆ ಫೀ ಎಷ್ಟು, ಯಾವಾಗ ಕೊಡಬೇಕು ಎಂದು ಬಾಯಿಬಿಟ್ಟು ಕೇಳಲಿಲ್ಲ. 40,000 ರೂಪಾಯಿಯನ್ನು ಒಂದೇ ಸಲ ಕೊಟ್ಟೆ, ರಸೀದಿ ಪಡೆಯಲಿಲ್ಲ. ಎಂಟು ತಿಂಗಳು ಫೋನ್ ಮಾಡಿದಾಗಲೆಲ್ಲ 'ಫೈಲ್ ಆಗಿದೆ, ತಾರೀಖು ಬಂದ ಮೇಲೆ ಹೇಳುತ್ತೇನೆ' ಎಂಬ ಒಂದೇ ಉತ್ತರ. ಕೊನೆಗೆ ತಮ್ಮನ ಗೆಳೆಯನೊಬ್ಬ ಇ-ಕೋರ್ಟ್ಸ್ ಆ್ಯಪ್ ತೆರೆದು, ಜಿಲ್ಲೆ, ನ್ಯಾಯಾಲಯ ಮತ್ತು ವರ್ಷವನ್ನು ಹಾಕಿ ನನ್ನ ಹೆಸರನ್ನು ಹುಡುಕಿದ. ನನ್ನ ಹೆಸರಿನಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಅರ್ಜಿ ಅವರ ಕಚೇರಿಯ ಕಪಾಟನ್ನು ಬಿಟ್ಟು ಹೊರಬಂದೇ ಇರಲಿಲ್ಲ.

ಎರಡನೆಯ ಸಲ ನಾನೇ ಎರಡು ದಿನ ರಜೆ ಹಾಕಿ ಬೆಳಿಗ್ಗೆ ಕೋರ್ಟಿಗೆ ಹೋಗಿ, ಸಿವಿಲ್ ಕೋರ್ಟಿನ ಹಾಲಿನಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತೆ. ಕುಟುಂಬದ ಪ್ರಕರಣಗಳು ಮುಚ್ಚಿದ ಬಾಗಿಲಿನೊಳಗೆ ನಡೆಯಬಹುದು, ಆದರೆ ಉಳಿದ ಪ್ರಕರಣಗಳನ್ನು ಯಾರು ಬೇಕಾದರೂ ಕುಳಿತು ನೋಡಬಹುದು. ಹೆಸರು ಕೂಗಿದಾಗ ಯಾವ ವಕೀಲರು ಸ್ವತಃ ಎದ್ದು ನಿಲ್ಲುತ್ತಾರೆ, ಯಾರು ಪ್ರತಿಸಲವೂ ಕಿರಿಯರನ್ನು ಕಳಿಸಿ ಸಮಯ ಕೇಳುತ್ತಾರೆ, ಯಾರು ಕಡತ ಓದಿಕೊಂಡು ಬಂದಿರುತ್ತಾರೆ ಎಂಬುದು ಎರಡೇ ದಿನದಲ್ಲಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ನೋಡಿದ ಒಬ್ಬ ವಕೀಲೆಯ ಹೆಸರನ್ನು ಅದೇ ಆ್ಯಪಿನಲ್ಲಿ ವಕೀಲರ ಹೆಸರಿನ ಹುಡುಕಾಟಕ್ಕೆ ಹಾಕಿ, ಕೌಟುಂಬಿಕ ಪ್ರಕರಣಗಳನ್ನು ಅವರು ನಿಜವಾಗಿಯೂ ನಡೆಸುತ್ತಾರೆಂದು ಖಚಿತಪಡಿಸಿಕೊಂಡ ಮೇಲೆಯೇ ಅವರ ಕಚೇರಿಗೆ ಹೋದೆ.

ಫೀಯನ್ನು ಮೂರು ಹಂತದಲ್ಲಿ ಕೊಡುವುದೆಂದು ಅವರೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆ ಸಹಿ ತೆಗೆದುಕೊಂಡರು. ಪ್ರಕರಣ ದಾಖಲಾದ ದಿನವೇ ಎಂ.ಸಿ. (ವೈವಾಹಿಕ ಪ್ರಕರಣದ) ಸಂಖ್ಯೆಯನ್ನೂ ಪ್ರಕರಣವನ್ನು ಗುರುತಿಸುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನೂ ನನ್ನ ಫೋನಿಗೆ ಕಳಿಸಿದರು. ಆ ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ತಾರೀಖಿಗಾಗಿ ಯಾರನ್ನೂ ಕಾಡಬೇಕಾಗಿಲ್ಲ. ಹಳೆಯ ವಕೀಲರಿಂದ ಹಣ ವಾಪಸ್ಸು ಬರಲಿಲ್ಲ, ನಾನೂ ಬೆನ್ನು ಹತ್ತಲಿಲ್ಲ. ಇವತ್ತಾಗಿದ್ದರೆ ಹತ್ತುತ್ತಿದ್ದೆ.

ಕೋರ್ಟಿನ ಬಗ್ಗೆ ನಿಮಗಿರುವ ಭಯ ನನಗೂ ಇತ್ತು. ಕೊನೆಯ ದಿನ ನ್ಯಾಯಾಧೀಶರು ನನ್ನನ್ನು ಕೇಳಿದ್ದು ನಾಲ್ಕೈದು ಪ್ರಶ್ನೆಗಳನ್ನು ಮಾತ್ರ: ಯಾರ ಒತ್ತಾಯವಾದರೂ ಇದೆಯೇ, ಒಪ್ಪಂದದ ಹಣ ಬಂದಿದೆಯೇ, ಮಗು ಯಾರ ಬಳಿ ಇದೆ, ಮತ್ತೆ ಕೂಡಿ ಬಾಳುವ ಆಲೋಚನೆ ಇದೆಯೇ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅದಕ್ಕಾಗಿ ವರಾಂಡದಲ್ಲಿ ಕಾದದ್ದು ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ. ಬುತ್ತಿ ಕಟ್ಟಿಕೊಂಡು ಹೋಗಿರಿ.

ಪ್ರತಿಕ್ರಿಯೆ: ಗಂಗಾವತಿಯ ಶಿಕ್ಷಕಿ

ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಏಳು ವರ್ಷದ ಸಜೆಯ ಮಾತು ಬಂದಾಗ ಅವರು ಕನ್ನಡಕ ತೆಗೆದಿಟ್ಟು ಇನ್ನೊಮ್ಮೆ ಓದಿಸಿದರು. ಅಂದು ಸಂಜೆಯೇ ಸಿಂಧನೂರಿಗೆ ಫೋನ್ ಮಾಡಿದರು. ಈಗ ಅವರ ಕಡೆಯವರು ಕೋರ್ಟಿಗೆ ಒಪ್ಪಿದ್ದಾರೆ, ಆದರೆ ಹೊಸದೊಂದು ಮಾತು ತೆಗೆದಿದ್ದಾರೆ. ಸಿಂಧನೂರಿನಲ್ಲಿ ಅವರ ಕಾಕಾನಿಗೆ ಪರಿಚಯದ ವಕೀಲರಿದ್ದಾರೆ, ಅವರೇ ಇಬ್ಬರ ಪರವಾಗಿಯೂ ಅರ್ಜಿ ಹಾಕುತ್ತಾರೆ, ನಾನು ಒಂದು ದಿನ ಬಂದು ಸಹಿ ಮಾಡಿ ಬಂಗಾರವನ್ನು ಒಪ್ಪಿಸಿ ಹೋದರೆ ಸಾಕು, ಹಣವನ್ನು ಡಿಕ್ರಿ ಆದ ಮೇಲೆ ಕೊಡುತ್ತಾರೆ ಎನ್ನುತ್ತಿದ್ದಾರೆ. ಒಬ್ಬರೇ ವಕೀಲರಾದರೆ ಖರ್ಚು ಉಳಿಯುತ್ತದೆ ಎಂಬುದೂ ನಿಜವೇ. ಇದಕ್ಕೆ ಒಪ್ಪಬಹುದೇ? ಆರು ತಿಂಗಳು ಕಾಯುವುದು ಕಡ್ಡಾಯವೇ? ಉಚಿತ ಕಾನೂನು ನೆರವು ಸಂಬಳ ಬರುವವರಿಗೆ ಸಿಗುವುದಿಲ್ಲವೆಂದು ನಮ್ಮ ಶಾಲೆಯಲ್ಲಿ ಒಬ್ಬರು ಹೇಳಿದರು, ಅದು ಸರಿಯೇ?

ಉತ್ತರ 3: ಕೊಪ್ಪಳದ ವಕೀಲ

ಮೇಡಂ, ನಾನು ಕೊಪ್ಪಳದಲ್ಲಿ ವಕೀಲಿ ವೃತ್ತಿ ಮಾಡುತ್ತೇನೆ. ಇಲ್ಲಿ ಕಕ್ಷಿದಾರರನ್ನು ಹುಡುಕುವುದು ನನ್ನ ಉದ್ದೇಶವಲ್ಲ, ವಕೀಲರು ಜಾಹೀರಾತು ಮಾಡುವುದಕ್ಕೆ ವಕೀಲರ ಪರಿಷತ್ತಿನ ನಿಯಮಗಳ ಅಡ್ಡಿಯೂ ಇದೆ; ಆದ್ದರಿಂದ ಹೆಸರನ್ನೂ ಸಂಖ್ಯೆಯನ್ನೂ ಕೊಡುತ್ತಿಲ್ಲ.

ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಖರ್ಚಿನ ಚಿಂತೆ ಅಲ್ಲಿಗೆ ಮುಗಿಯುತ್ತದೆ. ಶಾಲೆಯಲ್ಲಿ ನಿಮಗೆ ಹೇಳಿದ್ದು ತಪ್ಪು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ, ಆಧಾರ್ ಪ್ರತಿ ಮತ್ತು ಪ್ರಕರಣದ ಸಂಕ್ಷಿಪ್ತ ವಿವರವನ್ನು ಕೊಟ್ಟರೆ ಅವರ ಪಟ್ಟಿಯಲ್ಲಿರುವ ವಕೀಲರನ್ನು ನೇಮಿಸುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಪುಕ್ಕಟೆ ವಕೀಲರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಅಂಥವರಿಲ್ಲವೆಂದು ನಾನು ಹೇಳಲಾರೆ, ಆದರೆ ಹಣ ತೆಗೆದುಕೊಂಡು ಮಾಡದವರ ಕಥೆಯನ್ನು ಬಳ್ಳಾರಿಯ ಸಹೋದರಿ ಮೇಲೆಯೇ ಬರೆದಿದ್ದಾರೆ. ಖಾಸಗಿಯಾಗಿ ವಕೀಲರನ್ನು ಇಟ್ಟುಕೊಂಡರೂ ಒಂದು ಎಚ್ಚರವಿರಲಿ: ಬರುವ ಪರಿಹಾರದಲ್ಲಿ ಶೇಕಡಾ ಇಷ್ಟು ಎಂದು ಫೀ ಗೊತ್ತುಮಾಡುವುದನ್ನು ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಹಾಗೆ ಕೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಒಬ್ಬರೇ ವಕೀಲರು ಇಬ್ಬರ ಪರವಾಗಿ ಜಂಟಿ ಅರ್ಜಿ ಹಾಕುವುದು ರೂಢಿಯಲ್ಲಿದೆ. ಎಲ್ಲವೂ ಇತ್ಯರ್ಥವಾಗಿ, ಕೊಡಕೊಳ್ಳುವುದು ಏನೂ ಉಳಿದಿಲ್ಲದಿದ್ದರೆ ಅದರಿಂದ ತೊಂದರೆ ಆಗಲಿಕ್ಕಿಲ್ಲ. ನಿಮ್ಮ ಪ್ರಕರಣದಲ್ಲಿ ಹಣ, ಬಂಗಾರ, ಮಗು ಮೂರೂ ಬಾಕಿ ಇವೆ. ಅವರ ಕಾಕಾನ ಪರಿಚಯದವರು ನಿಮ್ಮ ಹಿತವನ್ನು ಎಷ್ಟರಮಟ್ಟಿಗೆ ನೋಡಿಯಾರು? ನಿಮ್ಮ ವಕೀಲರು ಬೇರೆಯೇ ಇರಲಿ, ಮತ್ತು ಖಾಲಿ ವಕಾಲತ್ತಿನ (ವಕೀಲರಿಗೆ ಅಧಿಕಾರ ಕೊಡುವ ಪತ್ರದ) ಮೇಲಾಗಲಿ ಖಾಲಿ ಬಾಂಡಿನ ಮೇಲಾಗಲಿ ಯಾರು ಹೇಳಿದರೂ ಸಹಿ ಮಾಡಬೇಡಿ.

ಡಿಕ್ರಿಯ ನಂತರ ಹಣ ಎಂಬ ಮಾತಿಗೆ ಒಪ್ಪಲೇಬಾರದು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ನಡೆಯುವುದು ಎರಡು ಹಂತಗಳಲ್ಲಿ. ಕನಿಷ್ಠ ಒಂದು ವರ್ಷ ಬೇರೆ ಇದ್ದವರು ಜಂಟಿ ಅರ್ಜಿ ಸಲ್ಲಿಸುವುದು ಮೊದಲನೆಯದು. ಆರು ತಿಂಗಳು ಕಳೆದ ಮೇಲೆ, 18 ತಿಂಗಳು ಮೀರುವುದರೊಳಗೆ, ಇಬ್ಬರೂ ಮತ್ತೆ ಬಂದು ಒಪ್ಪಿಗೆಯನ್ನು ಖಚಿತಪಡಿಸುವುದು ಎರಡನೆಯದು. ಈ ನಡುವಿನ ಅವಧಿಯಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಹೇಳಿದೆ. ಇಂದು ಬಂಗಾರವನ್ನು ಒಪ್ಪಿಸಿದ ಮೇಲೆ ನಾಳೆ ಅವರು ಎರಡನೆಯ ಹಂತಕ್ಕೆ ಬಾರದೆ ಹೋದರೆ ನಿಮ್ಮ ಕೈಯಲ್ಲಿ ಡಿಕ್ರಿಯೂ ಇರುವುದಿಲ್ಲ, ಬಂಗಾರವೂ ಇರುವುದಿಲ್ಲ. ಅರ್ಧ ಹಣವನ್ನು ಮೊದಲ ಹಂತದಲ್ಲಿಯೂ ಉಳಿದರ್ಧವನ್ನು ಎರಡನೆಯ ಹಂತದ ದಿನ ನ್ಯಾಯಾಧೀಶರ ಎದುರಿನಲ್ಲಿ ಡಿಮಾಂಡ್ ಡ್ರಾಫ್ಟ್ ಮೂಲಕವೂ ಕೊಡುವುದೆಂದು ಅರ್ಜಿಯಲ್ಲಿಯೇ ಬರೆಸುವುದು ನಾವು ಅನುಸರಿಸುವ ಕ್ರಮ.

ಬಂಗಾರದ ವಿಷಯದಲ್ಲಿ ನಿಮ್ಮ ದೈವದವರು ಸ್ವಲ್ಪ ದುಡುಕಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಮದುವೆಯಲ್ಲಿ ವಧುವಿಗೆ ಉಡುಗೊರೆಯಾಗಿ ಹಾಕಿದ ಒಡವೆ, ಅತ್ತೆಯ ಮನೆಯವರು ಹಾಕಿದ್ದಾದರೂ, ಸಾಮಾನ್ಯವಾಗಿ ಅವಳ ಸ್ತ್ರೀಧನವೇ, ಅಂದರೆ ಅವಳದೇ ಸ್ವತ್ತು. ಇಷ್ಟಪಟ್ಟು ಹಿಂದಿರುಗಿಸುವುದು ನಿಮಗೆ ಬಿಟ್ಟದ್ದು, ಆದರೆ ಕೊಡಲೇಬೇಕಾದ ಸಾಲವೆಂದು ತಿಳಿದು ಕೊಡಬೇಡಿ. 6 ತೊಲೆಗೆ ಇಂದಿನ ಬೆಲೆ ಎಷ್ಟಾಗುತ್ತದೆ, ಅವರು ಕೊಡುವ 3 ಲಕ್ಷ ಎಷ್ಟು ಎಂಬುದನ್ನು ಒಂದು ಹಾಳೆಯ ಮೇಲೆ ಕೂಡಿ ಕಳೆದು ನೋಡಿದರೆ ಈ ಒಪ್ಪಂದದಲ್ಲಿ ಯಾರು ಯಾರಿಗೆ ಕೊಡುತ್ತಿದ್ದಾರೆಂಬುದು ತಿಳಿಯುತ್ತದೆ.

ಮಗಳ ಖರ್ಚನ್ನು ಕೇಳುವುದಿಲ್ಲ ಎಂಬ ಸಾಲಿಗಂತೂ ಬೆಲೆಯಿಲ್ಲ. ನಿಮ್ಮ ಪಾಲಿನ ಜೀವನಾಂಶವನ್ನು ನೀವು ಬಿಟ್ಟುಕೊಡಬಹುದು. ಮಗುವಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ. ಮಗಳ ಹೆಸರಿನಲ್ಲಿ ಒಂದು ಠೇವಣಿ ಇಡಿಸುವುದಾಗಲಿ, ತಿಂಗಳಿಗೆ ಇಂತಿಷ್ಟು ಎಂದು ನಿಗದಿಪಡಿಸುವುದಾಗಲಿ ಅರ್ಜಿಯಲ್ಲಿ ಬರಲಿ, ಮತ್ತು ಅಲ್ಲಿ 'ಸದರಿ ಹೆಣ್ಣು ಮಗು' ಎಂದು ಬರೆಯದೆ ಅವಳ ಪೂರ್ಣ ಹೆಸರನ್ನೂ ಜನ್ಮದಿನಾಂಕವನ್ನೂ ಬರೆಸಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ನಿಮ್ಮ ಮಗಳಿಗೆ ಆರು ತಿಂಗಳಲ್ಲಿ ಐದು ತುಂಬುತ್ತದೆ. ಅನಂತರ ನ್ಯಾಯಾಲಯ ನೋಡುವುದು ಮಗುವಿನ ಕ್ಷೇಮವನ್ನೇ ಆದ್ದರಿಂದ ಗಾಬರಿಪಡಬೇಕಾಗಿಲ್ಲ, ಆದರೆ ಮಗಳು ನಿಮ್ಮ ಬಳಿಯೇ ಇರುವುದು ಮತ್ತು ತಂದೆ ಅವಳನ್ನು ಯಾವಾಗ ಎಲ್ಲಿ ನೋಡಬಹುದು ಎಂಬುದು ಈಗಲೇ ಬರಹದಲ್ಲಿ ಬರಲಿ.

ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಸೂಕ್ತ ಸಂದರ್ಭದಲ್ಲಿ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಆದರೆ ಅದರಲ್ಲಿ ಹೇಳಿರುವ ಒಂದು ಅಂಶವನ್ನು ಜನ ಗಮನಿಸುವುದಿಲ್ಲ: ಮೊದಲ ಅರ್ಜಿಗೆ ಮುಂಚೆಯೇ ಒಂದು ವರ್ಷ ಮತ್ತು ಆರು ತಿಂಗಳು, ಅಂದರೆ 18 ತಿಂಗಳು, ಬೇರೆ ಇದ್ದಿರಬೇಕು. ನಿಮಗೆ ಆಗಿರುವುದು 14. ಈ ಅಂಶಗಳನ್ನು ತೀರಾ ಬಿಗಿಯಾಗಿ ಹಿಡಿಯಬೇಕಾಗಿಲ್ಲವೆಂಬ ಧೋರಣೆ 2021ರ ಇನ್ನೊಂದು ತೀರ್ಪಿನಲ್ಲಿ ಕಾಣುತ್ತದೆಯಾದರೂ ಅದನ್ನೇ ನೆಚ್ಚಿಕೊಂಡು ಮದುವೆಯ ಮುಹೂರ್ತ ಇಡಿಸಬೇಡಿರೆಂದು ಅವರ ಕಡೆಯವರಿಗೆ ತಿಳಿಸಿ. ಆತುರ ಅವರದು, ನಿಮ್ಮದಲ್ಲ. ಮಾತುಕತೆಯಲ್ಲಿ ಇದು ನಿಮ್ಮ ನೆನಪಿನಲ್ಲಿರಲಿ.

ಅವರು ಒಪ್ಪಿಗೆಯಿಂದ ಹಿಂದೆ ಸರಿದರೆ ದಾರಿ ಉದ್ದವಾಗುತ್ತದೆ. ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ಆಧಾರವಾಗಿಟ್ಟುಕೊಂಡು ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಡಿ ಅರ್ಜಿ ಹಾಕಿ ಸಾಕ್ಷ್ಯ ನಡೆಸಬೇಕಾಗುತ್ತದೆ. ಆಗಲೂ ಮಧ್ಯಂತರ ಜೀವನಾಂಶಕ್ಕೆ 24ನೇ ಕಲಮು ಇದೆ; ಹೆಂಡತಿ-ಮಕ್ಕಳ ಜೀವನಾಂಶಕ್ಕಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಅಂಥ ಅರ್ಜಿಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರವನ್ನು (ಅಫಿಡವಿಟ್) ಸಲ್ಲಿಸಲೇಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ನಿಮ್ಮ ಸಂಬಳವನ್ನು ನೀವೂ ಮುಚ್ಚಿಡುವಂತಿಲ್ಲ. ಒಂದು ವೇಳೆ ಅವರು ಸಿಂಧನೂರಿನಲ್ಲಿ ತಾವೇ ಪ್ರಕರಣ ಹೂಡಿದರೆ ಅದನ್ನು ಗಂಗಾವತಿಗೆ ವರ್ಗಾಯಿಸುವಂತೆ ಹೈಕೋರ್ಟನ್ನು ಕೇಳಬಹುದು. ಸಿಂಧನೂರಿರುವ ರಾಯಚೂರು ಜಿಲ್ಲೆ ಹೈಕೋರ್ಟಿನ ಕಲಬುರಗಿ ಪೀಠಕ್ಕೂ ಗಂಗಾವತಿಯಿರುವ ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳು ಧಾರವಾಡ ಪೀಠಕ್ಕೂ ಸೇರಿರುವುದರಿಂದ ಆ ಓಡಾಟ ಚಿಕ್ಕದಲ್ಲ. ಅದಕ್ಕಾಗಿಯೇ ಗಂಗಾವತಿಯಲ್ಲಿ ನೀವು ಮೊದಲು ಅರ್ಜಿ ಹಾಕುವುದು ಲೇಸು.

ಪ್ರತಿಕ್ರಿಯೆ: ಗಂಗಾವತಿಯ ಶಿಕ್ಷಕಿ

ಕೂಡಿ ಕಳೆದು ನೋಡಿದೆ ಸರ್. ಲೆಕ್ಕ ನೋಡಿದ ಮೇಲೆ ದೊಡ್ಡಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಸೋಮವಾರ ಮೊದಲ ಎರಡು ಪಿರಿಯಡ್ ಮುಗಿಸಿಕೊಂಡು ಕಾನೂನು ಸೇವಾ ಸಮಿತಿಗೆ ಹೋಗುತ್ತೇನೆ, ದೊಡ್ಡಪ್ಪನೂ ಜೊತೆಗೆ ಬರುತ್ತಾರೆ. ನಮ್ಮ ಮದುವೆ ನೋಂದಣಿಯಾಗಿಲ್ಲ, ಅದರಿಂದ ತೊಡಕಾಗುತ್ತದೆಯೇ?

ಉತ್ತರ 4: ನಿವೃತ್ತ ಶಿರಸ್ತೇದಾರ, ರಾಯಚೂರು

ಆಗುವುದಿಲ್ಲ ತಾಯಿ. ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಒಂದು ಫೋಟೋ, ಇಬ್ಬರ ಆಧಾರ್, ಮಗಳ ಜನನ ಪ್ರಮಾಣಪತ್ರ ಇವುಗಳನ್ನು ಸೋಮವಾರ ಒಯ್ಯಿರಿ. ಮೂಲಪ್ರತಿಗಳನ್ನು ತೋರಿಸಿ ವಾಪಸ್ಸು ತನ್ನಿ, ಜೆರಾಕ್ಸ್ ಪ್ರತಿಗಳನ್ನು ಮಾತ್ರ ಕೊಟ್ಟು ಬನ್ನಿ. ಆ ಬಾಂಡ್ ಕಾಗದವನ್ನೂ ಒಯ್ಯಿರಿ, ಮದುವೆ ಮುರಿದುದಕ್ಕೆ ದಾಖಲೆಯಾಗಿ ಅಲ್ಲ, ಯಾವ ಷರತ್ತುಗಳ ಮೇಲೆ ಮಾತುಕತೆ ನಡೆದಿತ್ತೆಂದು ವಕೀಲರಿಗೆ ತಿಳಿಯಲಿ ಎಂದು. ಮುಂದೆ ಡಿಕ್ರಿಯಾದ ಮೇಲೆ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲನ್ನು ಒಂದರ ಬದಲು ಎರಡು ಪಡೆದುಕೊಳ್ಳಿ. ಮಗಳ ಶಾಲೆ, ಬ್ಯಾಂಕು, ಪಾಸ್‌ಪೋರ್ಟು ಎಂದು ಒಂದು ಪ್ರತಿ ಎಲ್ಲಾದರೂ ಸಿಕ್ಕಿಬಿದ್ದರೆ ಇನ್ನೊಂದು ಮನೆಯಲ್ಲಿರುತ್ತದೆ.